ತ್ಯಾಗರಾಜನ ಎಂಟು ಬೇರಿಂಗುಗಳು

ತ್ಯಾಗರಾಜನಿಗೆ ಕಣ್ಣಿಗಿಂತ ಕಿವಿ ಚುರುಕು. ಯಾವ ಬೇರಿಂಗ್ ಕೈಗೆ ಸಿಕ್ಕಲಿ, ಅದನ್ನು ಬೆರಳಿಗೋ ಪೆನ್ಸಿಲ್ ತುದಿಗೋ ಸಿಕ್ಕಿಸಿ, ಹೊರಗಿನ ಬಳೆಯನ್ನೊಮ್ಮೆ ತಿರುಗಿಸಿ, ಕಿವಿಯ ಹತ್ತಿರ ಹಿಡಿಯುತ್ತಾನೆ. ಸುಯ್ ಎಂದರೆ ಅಸಲಿ. ಕರ್ ಎಂದರೆ ನಕಲಿ, ಇಲ್ಲವೇ ಒಳಗೆ ಕಸ ಸೇರಿದೆ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಒಂದು ಬೇರಿಂಗ್ ಅಂಗಡಿಯಲ್ಲಿ ಮೂವತ್ಮೂರು ವರ್ಷ ಅವನು ಮಾಡಿದ್ದು ಇದನ್ನೇ. ಹದಿನೆಂಟನೇ ವಯಸ್ಸಿಗೆ ಅಲ್ಲಿ ಸೇರಿದಾಗ ಮಾಲೀಕರು, ಬೆಳಗಾವಿ ಕಡೆಯ ಅಣ್ಣಾಸಾಹೇಬರು, ಅವನ ಕಿವಿ ಹಿಂಡಿಯೇ ಈ ವಿದ್ಯೆ ಕಲಿಸಿದ್ದರು. ಅವರು ಹೋಗಿ ಎಷ್ಟೋ ವರ್ಷವಾಯಿತು. ಅವರ ಮಾತುಗಳು ಮಾತ್ರ ತ್ಯಾಗರಾಜನ ತಲೆಯಲ್ಲಿ ಇನ್ನೂ ಬಾಡಿಗೆ ಕೊಡದೆ ಕೂತಿವೆ. "ಬೇರಿಂಗಿಗೆ ಜಾತಿ ಇಲ್ಲೋ, ಸೈಜ್ ಅಷ್ಟೇ ಐತಿ" ಎನ್ನುವುದು ಅವುಗಳಲ್ಲೊಂದು.

ಕಿವಿ ಚುರುಕು ಎಂದೆನಲ್ಲ, ಅದು ಬೇರಿಂಗಿನ ಮಟ್ಟಿಗೆ ಮಾತ್ರ. ಮನುಷ್ಯರು ಹೇಳಿದ್ದು ಆ ಕಿವಿಯೊಳಗೆ ಅಷ್ಟು ಸುಲಭವಾಗಿ ಇಳಿಯುವುದಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ.

ಅಕ್ಕ ವರಲಕ್ಷ್ಮಿ ಅಮೆರಿಕಕ್ಕೆ ಬಂದವಳು, ಇಲ್ಲಿಯ ಪ್ರಜೆಯಾದ ಮೇಲೆ ೨೦೦೫ರಲ್ಲಿ ತಮ್ಮನಿಗೆ ಅರ್ಜಿ ಹಾಕಿದಳು. ಆ ಅರ್ಜಿ ತೆವಳಿಕೊಂಡು ಬರಲು ಹದಿನೈದು ವರ್ಷ ಹಿಡಿಯಿತು. ಅಷ್ಟರಲ್ಲಿ ತ್ಯಾಗರಾಜ ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಂಡ, ಮದುವೆಯ ವಯಸ್ಸನ್ನು ದಾಟಿಸಿಕೊಂಡ, ತಾಯಿಯನ್ನೂ ಕಳೆದುಕೊಂಡ. ೨೦೨೦ರ ಜನವರಿಯಲ್ಲಿ ಒಂದು ಸೂಟ್‌ಕೇಸ್ ಹಿಡಿದು ಅಟ್ಲಾಂಟಾಕ್ಕೆ ಬಂದಿಳಿದಾಗ ಅವನಿಗೆ ಐವತ್ತೆರಡು. ಎರಡೇ ತಿಂಗಳಿಗೆ ಜಗತ್ತೆಲ್ಲ ಬಾಗಿಲು ಹಾಕಿಕೊಂಡಿತು. ಅಲ್ಲೇ ಹತ್ತಿರದ ಡುಲುತ್‌ನಲ್ಲಿ ಅಕ್ಕನ ಮನೆಯ ನೆಲದಡಿಯ ಬೇಸ್‌ಮೆಂಟಿನಲ್ಲಿ ಒಂದು ಮಂಚ, ಒಂದು ಕಿಟಕಿ. ಆಮೇಲೆ ಒಂದು ಇಂಡಿಯನ್ ಗ್ರೋಸರಿ ಅಂಗಡಿಯಲ್ಲಿ ತೊಗರಿಬೇಳೆ ತೂಗಿ ಪ್ಯಾಕೆಟ್ ಮಾಡುವ ಕೆಲಸ. ಸೊಂಟ ಹಿಡಿಯಿತು. ಭಾವ ಗುರುದತ್ ತುಂಬಾ ಒಳ್ಳೆಯ ಮನುಷ್ಯ. "ರಾಜು, ನಿಧಾನವಾಗಿ ನೋಡೋಣ, ಏನೂ ಅವಸರ ಇಲ್ಲ" ಎಂದು ವಾರಕ್ಕೊಮ್ಮೆ ಹೇಳುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಈ ಒಳ್ಳೆಯತನವನ್ನು ತಡೆದುಕೊಳ್ಳುವುದು ತ್ಯಾಗರಾಜನಿಗೆ ಕಷ್ಟವಾಗಿತ್ತು.

ಅಂಥ ಹೊತ್ತಿನಲ್ಲಿ, ೨೦೨೧ರ ಬೇಸಿಗೆಯಲ್ಲಿ, ಅಕ್ಕನ ಮಗಳು ಅಕ್ಷಯಾ ಅವನನ್ನು ಒಂದು ಅಂಗಡಿಗೆ ಕರೆದುಕೊಂಡು ಹೋದಳು. ಅವಳಿಗೆ ಇಪ್ಪತ್ತನಾಲ್ಕು, ಮನೆಯಿಂದಲೇ ಕೆಲಸ, ಮಾಮನಿಗೆ ಡ್ರೈವರ್ ಅವಳೇ. ಅದು ರಿಮೋಟಿನಲ್ಲಿ ಓಡಿಸುವ ಆಟದ ಕಾರುಗಳ ಅಂಗಡಿ. ಆಟದ್ದು ಎಂದು ನಗಬೇಡಿ, ಬಂದು ಕೊಳ್ಳುವವರೆಲ್ಲ ಮೀಸೆ ನರೆತವರು. ಅಂಗಡಿಯ ಹಿಂದೆಯೇ ಕೆಮ್ಮಣ್ಣಿನ ರೇಸ್ ಟ್ರ್ಯಾಕ್. ಮಾಲೀಕ ಹಾನ್, ಅರವತ್ತು ದಾಟಿದ ಕೊರಿಯನ್. ಅವತ್ತು ಯಾರದೋ ಬಗ್ಗಿಯೊಂದು, ಅಂದರೆ ಮಣ್ಣಿನಲ್ಲಿ ಓಡುವ ದಪ್ಪ ಚಕ್ರದ ಆಟದ ಕಾರು, ರಿಪೇರಿ ಬೆಂಚಿನ ಮೇಲೆ ಗುರುಗುಟ್ಟುತ್ತಿತ್ತು. ತ್ಯಾಗರಾಜ ದೂರದಿಂದಲೇ ಕೇಳಿ, "ಹಿಂದೆ ಎಡಗಡೆ, ಒಳಗಿನ ಬೇರಿಂಗ್ ಹೋಗಿದೆ" ಎಂದು ತನ್ನ ಇಂಗ್ಲಿಷಿನಲ್ಲಿ ಹೇಳಿದ. ಹಾನ್ ಬಿಚ್ಚಿ ನೋಡಿದ. ಹೋಗಿತ್ತು.

ಹಾನ್‌ನ ರಿಪೇರಿಯವನು ರಿಟೈರ್ ಆಗಿ ಫ್ಲಾರಿಡಾಕ್ಕೆ ಹೋಗಿದ್ದ. ಬೆಂಚ್ ಖಾಲಿ ಇತ್ತು. ಸೆಪ್ಟೆಂಬರಿನಲ್ಲಿ ಹಾನ್ ಒಂದು ಪೆಟ್ಟಿಗೆಯನ್ನು ತ್ಯಾಗರಾಜನ ಮುಂದೆ ತಳ್ಳಿದ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಬಗ್ಗಿಯ ಕಿಟ್. ಬಿಡಿಭಾಗಗಳೆಲ್ಲ ಒಳಗಿದ್ದವು, ಬೇರಿಂಗ್ ಮಾತ್ರ ಇರಲಿಲ್ಲ. ಬೇರಿಂಗ್ ಕೂರಬೇಕಾದ ಕಡೆಗೆಲ್ಲ ಕಂಪನಿಯವರು ಪ್ಲಾಸ್ಟಿಕ್ ಬುಷ್, ಅಂದರೆ ಒಳಗೆ ಗುಂಡುಗಳಿಲ್ಲದ ಬರಿಯ ಬಳೆ, ಕೊಟ್ಟಿದ್ದರು.

"ನೀನೇ ಜೋಡಿಸು. ಬೇರಿಂಗ್ ಯಾವುದು ಅಂತ ನೀನೇ ಆರಿಸು, ಎಲ್ಲಿ ಸಿಗುತ್ತೆ ಅಂತ ನೀನೇ ಹುಡುಕು. ಈಗಿನ ಕಾಲದಲ್ಲಿ ಹುಡುಕೋದೇ ಅರ್ಧ ಕೆಲಸ. ಅಕ್ಟೋಬರ್ ಹದಿನಾರು, ಶನಿವಾರ, ಅರ್ಧ ಗಂಟೆಯ ರೇಸ್. ನಾನೇ ಓಡಿಸ್ತೀನಿ. ಗೆಲ್ಲೋದು ಬೇಡ. ಮುಗಿದಾಗ ನಾಲ್ಕೂ ಚಕ್ರ ತಿರುಗ್ತಿದ್ರೆ ಸೋಮವಾರದಿಂದ ಈ ಬೆಂಚ್ ನಿಂದು" ಎಂದ ಹಾನ್.

ತ್ಯಾಗರಾಜ ಮನೆಗೆ ಬಂದವನೇ ಪ್ಲಾಸ್ಟಿಕ್ ಬುಷ್‌ಗಳನ್ನೆಲ್ಲ ಅಡುಗೆಮನೆಯ ಕಸದ ಬುಟ್ಟಿಗೆ ಸುರಿದ. "ಇದನ್ನ ಹಾಕೋಕೆ ನಾನು ಯಾಕೆ ಬೇಕು? ಬಾಟಲ್ ಮುಚ್ಚಳ ಮಾಡೋನು ಸಾಕು" ಎಂದ. ಅಕ್ಕ ಒಲೆಯ ಮುಂದೆ ನಿಂತು ನೋಡುತ್ತಿದ್ದಳು.

ಬೇಕಾದದ್ದು ಇಪ್ಪತ್ತು ಬೇರಿಂಗ್. ಹನ್ನೆರಡು ಗೇರ್‌ಬಾಕ್ಸ್‌ಗಳ ಒಳಗೆ, ಭದ್ರವಾಗಿ ಮುಚ್ಚಿದ ಜಾಗದಲ್ಲಿ. ಉಳಿದ ಎಂಟು ಚಕ್ರಗಳಿಗೆ, ಒಂದೊಂದಕ್ಕೆ ಎರಡರಂತೆ. ಈ ಎಂಟರ ಅಳತೆ ಐದು, ಹತ್ತು, ನಾಲ್ಕು: ಒಳಗಿನ ತೂತು ಐದು ಮಿಲಿಮೀಟರ್, ಹೊರಸುತ್ತು ಹತ್ತು, ದಪ್ಪ ನಾಲ್ಕು. ಕಡಲೆಕಾಳಿಗಿಂತ ಒಂದಿಷ್ಟು ದೊಡ್ಡದು, ಅಷ್ಟೇ. ಅದನ್ನು ಹುಡುಕಲು ಹೊರಟರೆ ಅಬ್ಬಬ್ಬಾ! ಆನ್‌ಲೈನಿನಲ್ಲಿ ತರಿಸಿದ ಮೊದಲ ಪ್ಯಾಕೆಟ್ ಹತ್ತು ದಿನಕ್ಕೆ ಬಂತು. ಪೆನ್ಸಿಲ್‌ಗೆ ಸಿಕ್ಕಿಸಿ ಕಿವಿಗೆ ಹಿಡಿದ ಕೂಡಲೇ "ಥೂ" ಎಂದ. ಎಲ್ಲವೂ ನಕಲಿ. ಎರಡನೆಯ ಕಡೆ, ಮಾಲು ಹಡಗಿನಲ್ಲಿದೆ ಎಂದರು. ಸವಾನ್ನಾ ಬಂದರಿನಾಚೆ ಹಡಗುಗಳು ಲಂಗರು ಹಾಕಿ ಸಾಲಾಗಿ ನಿಂತಿರುವುದನ್ನು ಟೀವಿಯಲ್ಲೂ ತೋರಿಸುತ್ತಿದ್ದರು. ಕೊನೆಗೆ ನಾರ್‌ಕ್ರಾಸ್‌ನ ಕಾರ್ಖಾನೆಗಳ ನಡುವೆ ಒಂದು ಬಿಡಿಭಾಗಗಳ ಮಳಿಗೆ ಸಿಕ್ಕಿತು. ಕೌಂಟರಿನ ಹೆಂಗಸು ಒಳಗಿನಿಂದ ಎರಡು ಬಗೆ ತಂದಿಟ್ಟಳು. ಒಂದಕ್ಕೆ ಎರಡೂ ಬದಿಗೆ ತಗಡಿನ ಮುಚ್ಚಳ. ಇನ್ನೊಂದಕ್ಕೆ ರಬ್ಬರ್ ಸೀಲ್.

ತ್ಯಾಗರಾಜ ಎರಡನ್ನೂ ಕಿವಿಗೆ ಹಿಡಿದ. ತಗಡಿನದು ಒಮ್ಮೆ ತಿರುಗಿಸಿದರೆ ಸುಯ್ ಎಂದು ಹಾಡುತ್ತಲೇ ಇತ್ತು. ರಬ್ಬರಿನದು ಎರಡು ಸುತ್ತು ಸುತ್ತಿ ಮಲಗಿಬಿಟ್ಟಿತು.

"ಈ ಎಮ್ಮೆ ಯಾರಿಗೆ ಬೇಕು?" ಎಂದು ಅಕ್ಷಯಾಳಿಗೆ ಹೇಳಿ, ಎಲ್ಲವನ್ನೂ ತಗಡಿನದನ್ನೇ ಕೊಂಡ.

ರೇಸಿಗೆ ಮೂರು ದಿನ ಇರುವಾಗ, ಬುಧವಾರ, ಜೋಡಿಸಿದ ಬಗ್ಗಿಯನ್ನು ಹಾನ್‌ಗೆ ತೋರಿಸಿದಾಗ ಹಾನ್ ಚಕ್ರಗಳನ್ನು ತಿರುಗಿಸಿ ನೋಡಿ ತಲೆಯಾಡಿಸಿದ. "ಚೆನ್ನಾಗಿ ತಿರುಗ್ತವೆ. ಆದ್ರೆ ಇಲ್ಲಿ ಧೂಳು ಜಾಸ್ತಿ. ನಾನಾಗಿದ್ರೆ ಚಕ್ರಕ್ಕೆ ರಬ್ಬರ್ ಹಾಕ್ತಿದ್ದೆ."

"ಮೂವತ್ಮೂರು ವರ್ಷ ಬೇರಿಂಗ್ ಮಾರಿದ್ದೀನಿ, ಸರ್" ಎಂದ ತ್ಯಾಗರಾಜ.

ಹಾನ್ ಭುಜ ಕುಣಿಸಿದ. ಆರಿಸುವುದು ನೀನೇ ಎಂದು ಮೊದಲೇ ಹೇಳಿದ್ದನಲ್ಲ.

ಮಾರನೆಯ ದಿನ, ಗುರುವಾರ, ಆಯುಧಪೂಜೆ. ಅವತ್ತು ಎಸ್.ಜೆ.ಪಿ. ರಸ್ತೆಗೆ ರಸ್ತೆಯೇ ಕುಂಬಳಕಾಯಿಯ ಚೂರಾಗಿರುತ್ತದೆ. ಆದರೆ ಅಣ್ಣಾಸಾಹೇಬರ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟು ಇತ್ತು: ಅರಿಶಿನ ಕುಂಕುಮ ಏನಿದ್ದರೂ ಬೇರಿಂಗಿನ ಡಬ್ಬಿಗೆ, ಬೇರಿಂಗಿಗಲ್ಲ. ಮೂವತ್ಮೂರು ಆಯುಧಪೂಜೆ ಹೀಗೇ ನೋಡಿದ ತ್ಯಾಗರಾಜನಿಗೆ, ಲೋಕವೆಲ್ಲ ಹೀಗೇ ಮಾಡುತ್ತದೆ ಎಂದು ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಬೆಳಿಗ್ಗೆ ಗ್ರೋಸರಿಯ ಕೆಲಸಕ್ಕೆ ಹೊರಡುವಾಗ ಸ್ಪ್ಯಾನರ್ ಡಬ್ಬಿಯನ್ನೂ ಬಗ್ಗಿಯನ್ನೂ ತಾನೇ ದೇವರ ಮುಂದೆ ಇಟ್ಟ. "ಅಕ್ಕ, ಇದಕ್ಕೂ ಮಾಡಿಬಿಡು" ಎಂದ. ಎಲ್ಲಿಗೆ ಇಡಬೇಕು, ಎಲ್ಲಿಗೆ ಇಡಬಾರದು ಎಂದು ಹೇಳಲಿಲ್ಲ.

ವರಲಕ್ಷ್ಮಿ ಕೈ ಬಿಗಿ ಹಿಡಿಯುವವಳಲ್ಲ. ಮಿಕ್ಸಿಗೆ, ಲ್ಯಾಪ್‌ಟಾಪಿಗೆ, ಮನೆಯ ಮುಂದಿನ ಡ್ರೈವ್‌ವೇಯಲ್ಲಿದ್ದ ಎರಡು ಕಾರಿಗೆ ಮಾಡಿದ ಹಾಗೆಯೇ ಈ ಪುಟ್ಟ ಗಾಡಿಗೂ ಮಾಡಿದಳು. ಕಾರಿಗಿಂತ ಒಂದು ಕೈ ಹೆಚ್ಚೇ. ತಮ್ಮನ ಕೆಲಸ ಇದರ ಮೇಲೆ ನಿಂತಿದೆಯಲ್ಲ! ನಾಲ್ಕೂ ಚಕ್ರದ ನಡುವಿಗೆ ಅರಿಶಿನ, ಅದರ ಮೇಲೆ ಧಾರಾಳವಾಗಿ ಕುಂಕುಮ, ಮೇಲಿಂದ ಎರಡು ಚಮಚ ತೀರ್ಥ. ನಾಲ್ಕು ಪುಟಾಣಿ ನಿಂಬೆಹಣ್ಣುಗಳನ್ನು ಚಕ್ರದ ಕೆಳಗಿಟ್ಟು, ಅಕ್ಷಯಾಳ ಕೈಗೆ ರಿಮೋಟ್ ಕೊಟ್ಟು, "ಹತ್ತಿಸು" ಎಂದಳು. ಬಗ್ಗಿ ನಿಂಬೆಹಣ್ಣು ಹತ್ತಿ ಜಜ್ಜಿ, ಡ್ರೈವ್‌ವೇಯಲ್ಲಿ ಹತ್ತು ಸುತ್ತು ಹಾಕಿತು. ತಾಯಿ ಮಗಳು ಚಪ್ಪಾಳೆ ತಟ್ಟಿದರು.

ನಾಲ್ಕು ಗಂಟೆಗೆ ತ್ಯಾಗರಾಜ ಬಂದ. ಕೆಂಪು ಚಕ್ರಗಳನ್ನು ನೋಡಿದ. ಹತ್ತಿರ ಹೋಗಿ ಒಂದು ಚಕ್ರ ತಿರುಗಿಸಿದ. ಕರ್. ಇನ್ನೊಂದು. ಕರ್. ನಾಲ್ಕೂ ಹಾಗೇ.

ಒಂದು ಚಕ್ರ ಬಿಚ್ಚಿ ಬೇರಿಂಗನ್ನು ಪೆನ್ಸಿಲ್‌ಗೆ ಸಿಕ್ಕಿಸಿದ. ತಗಡಿನ ಮುಚ್ಚಳಕ್ಕೂ ಒಳಬಳೆಗೂ ನಡುವೆ ಇರುವ ಕೂದಲೆಳೆಯಷ್ಟು ಸಂದಿನಲ್ಲಿ ಕುಂಕುಮ, ನಿಂಬೆರಸ ಎಲ್ಲ ಕಲಸಿ ಒಳಗೆ ಹೋಗಿತ್ತು.

"ಏನ್ ಮಾಡಿದ್ದೀಯ ನೀನು?" ಎಂದ. ಸ್ವರ ಎತ್ತರಕ್ಕೆ ಹೋಯಿತು. "ಏನ್ ಮಾಡಿದ್ದೀಯ ಅಂತ ಗೊತ್ತಾ? ನಾಡಿದ್ದು ರೇಸು!"

"ಪೂಜೆ ಮಾಡು ಅಂತ ನೀನೇ ಅಲ್ವೇನೋ..."

"ಪೂಜೆ ಮಾಡು ಅಂದೆ, ಹಾಳು ಮಾಡು ಅಂದ್ನಾ? ಬೇಕೂಂತಲೇ ಮಾಡಿದ್ದೀಯ. ನಾನು ಈ ಮನೆ ಬಿಟ್ಟು ಹೋಗೋದು ನಿಂಗೆ ಇಷ್ಟ ಇಲ್ಲ. ಕೊನೇವರೆಗೂ ಬೇಸ್‌ಮೆಂಟಲ್ಲಿ ಬಿದ್ದಿರ್ಲಿ, ನೀನು ಹಾಕಿದ್ದು ತಿನ್ಕೊಂಡು!"

ಮಾತು ಹೊರಗೆ ಬಿದ್ದ ಮೇಲೆ ಅವನಿಗೂ ಕೇಳಿಸಿತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ವರಲಕ್ಷ್ಮಿಯ ಕೈಯಲ್ಲಿ ಆರತಿ ತಟ್ಟೆ ಇತ್ತು. ಅದನ್ನು ಮೆಲ್ಲಗೆ ಕೆಳಗಿಟ್ಟಳು.

"ಹದಿನೈದು ವರ್ಷ ಕಾದೆ ಕಣೋ ನಿನ್ನ ಕರೆಸ್ಕೊಳ್ಳೋಕೆ" ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿ ಹೋದಳು. ಹಬ್ಬದ ಒಬ್ಬಟ್ಟನ್ನು ಅವತ್ತು ಆ ಮನೆಯಲ್ಲಿ ಯಾರೂ ಸರಿಯಾಗಿ ತಿನ್ನಲಿಲ್ಲ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆಲ್ಲ ತ್ಯಾಗರಾಜ ರಜೆ ಹಾಕಿ ಬೇಸ್‌ಮೆಂಟಿನಲ್ಲಿ ಕೂತಿದ್ದ. ಉಳಿದಿರುವುದು ಒಂದು ದಿನ. ಬೇರಿಂಗ್‌ಗಳನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಅಲ್ಲಾಡಿಸಿ, ಊದಿ, ಮತ್ತೆ ಅದ್ದಿದ. ಬಟ್ಟಲು ಕೆಂಪಾಯಿತು. ಕರ್ ಎನ್ನುವುದು ಮಾತ್ರ ಹೋಗಲಿಲ್ಲ. ನಿಂಬೆಹುಳಿ ಒಳಗಿನ ಗುಂಡುಗಳನ್ನು ಕಚ್ಚಿತ್ತೋ, ಪುಡಿ ಗೀರಿತ್ತೋ, ದೇವರಿಗೇ ಗೊತ್ತು. ಅವನು ಗೊಣಗುತ್ತಲೇ ಇದ್ದ: ಕುಂಕುಮ ಹೀಗೆ, ಅಂಗಡಿಯ ಕುಂಕುಮದಲ್ಲಿ ಇಟ್ಟಿಗೆ ಪುಡಿ, ಬುದ್ಧಿ ಇಲ್ಲದವರು.

ಅಕ್ಷಯಾ ಪಕ್ಕದಲ್ಲಿ ಕೂತು ಬಟ್ಟಲು ನೋಡುತ್ತಿದ್ದಳು. ಅವಳ ಕನ್ನಡ ಒಂದೊಂದೇ ಹೆಜ್ಜೆ ಇಟ್ಟು ಬರುತ್ತದೆ. "ಮಾಮ, ಟ್ರ್ಯಾಕ್ ಡಸ್ಟ್ ಕೂಡ ಸೇಮ್ ಕಲರ್ ಅಲ್ವಾ?"

"ಅದಕ್ಕೇನೀಗ?"

"ಐ ಮೀನ್... ಕುಂಕುಮ ಒಳಗೆ ಹೋದ್ರೆ, ಅದೂ ಹೋಗುತ್ತೆ. ರೈಟ್?"

ತ್ಯಾಗರಾಜ ಕೆಂಪು ಬಟ್ಟಲಿನ ಕಡೆ ನೋಡಿದ. ಜಾರ್ಜಿಯಾದ ಕೆಮ್ಮಣ್ಣು ಕುಂಕುಮಕ್ಕಿಂತ ನಯ, ಗೋಧಿಹಿಟ್ಟಿನ ಹಾಗೆ ಹಾರುತ್ತದೆ. ಡ್ರೈವ್‌ವೇಯಲ್ಲಿ ಹತ್ತು ಸುತ್ತಿಗೆ ಈ ಗತಿಯಾದರೆ, ಆ ಧೂಳಿನಲ್ಲಿ ಅರ್ಧ ಗಂಟೆ? ಹತ್ತು ನಿಮಿಷಕ್ಕೆ ಚಕ್ರ ಕಚ್ಚಿಕೊಂಡು ನಿಲ್ಲುತ್ತಿತ್ತು. ಕೊಳ್ಳಲು ಬಂದವರ ಮುಂದೆ ಹಿಡಿದು ಕಿವಿಗೆ ಇಂಪಾಗಿ ಕೇಳಿಸುವ ಬೇರಿಂಗನ್ನು ಅವನು ಆರಿಸಿದ್ದ. ಅಂಗಡಿಯಲ್ಲಿ ಮೂವತ್ಮೂರು ವರ್ಷ ಮಾರಿದ್ದೇ ಹೊರತು ಧೂಳಿನಲ್ಲಿ ಒಂದು ದಿನವೂ ಓಡಿಸಿರಲಿಲ್ಲ. ಹಾನ್ ಹೇಳಿದ್ದ, ಬಿಡಿಸಿ ಹೇಳಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಇವನು ಅಕ್ಕನ ಕುಂಕುಮವನ್ನು ಡೊಂಕು ಎಂದಿದ್ದ.

"ಹೊರಡು" ಎಂದ. "ನಾರ್‌ಕ್ರಾಸ್‌ಗೆ. ಆ ಎಮ್ಮೆ ಬೇಕು."

ನಾರ್‌ಕ್ರಾಸ್‌ನ ಕೌಂಟರಿನ ಹೆಂಗಸು ಕಂಪ್ಯೂಟರ್ ನೋಡಿ ತಲೆಯಲ್ಲಾಡಿಸಿದಳು. ರಬ್ಬರ್ ಸೀಲಿನದು ನಿನ್ನೆಯಷ್ಟೇ ಒಬ್ಬರು ಇದ್ದದ್ದೆಲ್ಲ ಒಯ್ದರಂತೆ. ಮುಂದಿನ ಮಾಲು ಯಾವಾಗ ಎಂದರೆ ಸವಾನ್ನಾ ಕಡೆಗೆ ಕೈ ತೋರಿಸಿದಳು. ಗಂಟೆ ಹತ್ತೂವರೆ. ಅಕ್ಷಯಾ ಕಾರಿನಲ್ಲಿ ಕೂತೇ ಹನ್ನೊಂದು ಕಡೆ ಫೋನ್ ಮಾಡಿದಳು. ಸ್ಕೇಟಿಂಗ್ ಅಂಗಡಿಯಲ್ಲಿರುವುದು ದೊಡ್ಡ ಸೈಜು. ಸೈಕಲ್ ಅಂಗಡಿಯಲ್ಲಿ ಇನ್ನೂ ದೊಡ್ಡದು. ಮಧ್ಯಾಹ್ನವಾಗುತ್ತಾ ಬಂತು. ತ್ಯಾಗರಾಜ ಕಣ್ಣು ಮುಚ್ಚಿ ಕೂತು, ಐದು ಮಿಲಿಮೀಟರಿನ ಸಣ್ಣ ಸರಳಿನ ಮೇಲೆ ಈ ಊರಿನಲ್ಲಿ ಏನೇನು ಸುತ್ತುತ್ತದೆ ಎಂದು ಯೋಚಿಸಿದ. ಜಾತಿ ಇಲ್ಲೋ, ಸೈಜ್ ಅಷ್ಟೇ.

"ಅಕ್ಷಯಾ, ಇಲ್ಲಿ ಮೀನು ಹಿಡಿಯೋರು ಜಾಸ್ತಿ ಅಲ್ವಾ? ಆ ದಾರ ಸುತ್ತೋದು..."

"ಫಿಶಿಂಗ್ ರೀಲ್?"

"ಅದೇ! ಅದರೊಳಗೆ ಬೇರಿಂಗ್ ಇರುತ್ತೆ. ನೀರಿಗೆ ಬೀಳೋದಲ್ವಾ, ಸೀಲ್ ಇರ್ಲೇಬೇಕು."

ಸಸ್ಯಾಹಾರಿ ತ್ಯಾಗರಾಜ ಬಫರ್ಡ್‌ನಲ್ಲಿ, ಲೇನಿಯರ್ ಸರೋವರದ ಹತ್ತಿರ, ಗಾಳ ಮತ್ತು ಎರೆಹುಳು ಮಾರುವ ಅಂಗಡಿಯ ಮೆಟ್ಟಿಲು ಹತ್ತಿದ್ದು ಹೀಗೆ. ಒಳಗಿನ ವಾಸನೆಗೆ ಮಾಸ್ಕನ್ನು ಇನ್ನಷ್ಟು ಮೇಲಕ್ಕೆಳೆದುಕೊಂಡ. ರೀಲ್ ರಿಪೇರಿ ಮಾಡುವ ಮುದುಕ ಒಂದು ಡ್ರಾಯರ್ ಎಳೆದು ಚಿಮುಟದಿಂದ ಒಂದೊಂದೇ ಎತ್ತಿಟ್ಟ. ಐದು, ಹತ್ತು, ನಾಲ್ಕು. ಹೊಸದು. ಎರಡೂ ಬದಿಗೆ ಕಪ್ಪು ರಬ್ಬರ್. ತ್ಯಾಗರಾಜ ಪೆನ್ಸಿಲ್‌ಗೆ ಸಿಕ್ಕಿಸಿ ಕಿವಿಗೆ ಹಿಡಿದ. ಎಮ್ಮೆಯ ಹಾಗೆಯೇ ಮಲಗಿತು, ಕರ್ ಎನ್ನಲಿಲ್ಲ. ಅವನಿಗೆ ಅಳುವೇ ಬಂದಂತಾಯಿತು.

ಆದರೆ ಇದ್ದದ್ದು ಆರು. ಡ್ರಾಯರನ್ನು ತಲೆಕೆಳಗು ಮಾಡಿದರೂ ಆರೇ.

ಐದು ಗಂಟೆಗೆ ಆರನ್ನೂ ಕೂರಿಸಿಯಾಗಿತ್ತು. ಹಿಂದಿನ ಎರಡು ಚಕ್ರ ಪೂರ್ತಿ, ಮುಂದಿನ ಎರಡು ಚಕ್ರಗಳ ಹೊರಬದಿ. ಒಳಬದಿಯ ಎರಡು ಗೂಡು ಖಾಲಿ ಉಳಿದು ಅವನನ್ನೇ ನೋಡುತ್ತಿದ್ದವು. ಹಾಳಾದ ಬೇರಿಂಗ್ ಹಾಕುವ ಹಾಗಿಲ್ಲ. ಏನೂ ಹಾಕದೆ ಬಿಡುವ ಹಾಗಿಲ್ಲ. ಆಗ ನೆನಪಾಯಿತು ಪ್ಲಾಸ್ಟಿಕ್ ಬುಷ್. ಅದರಲ್ಲಿ ಗುಂಡೇ ಇಲ್ಲ, ಧೂಳು ಹೋಗಿ ಕೂರಲು ಜಾಗವೂ ಇಲ್ಲ. ಸವೆಯುತ್ತದೆ, ಆದರೆ ಅರ್ಧ ಗಂಟೆ ಬಾಳಬಹುದು. ಬಾಟಲ್ ಮುಚ್ಚಳ ಎಂದು ಅಣಕಿಸಿ ಬುಟ್ಟಿಗೆ ಎಸೆದು ಮೂರು ವಾರವಾಗಿತ್ತು.

ಅಕ್ಕ ಯಾವುದನ್ನೂ ಎಸೆಯುವವಳಲ್ಲ ಎನ್ನುವುದೂ ಅದರ ಹಿಂದೆಯೇ ನೆನಪಾಯಿತು.

ಬೇಸ್‌ಮೆಂಟಿನಿಂದ ಅಡುಗೆಮನೆಗೆ ಹದಿಮೂರು ಮೆಟ್ಟಿಲು. ತ್ಯಾಗರಾಜ ಅಷ್ಟನ್ನು ಹತ್ತಲು ಎಷ್ಟು ಹೊತ್ತು ತೆಗೆದುಕೊಂಡ ಎಂದು ಕೇಳಬೇಡಿ. ಮೇಲೆ ವರಲಕ್ಷ್ಮಿ ಹುರುಳಿಕಾಯಿಯ ನಾರು ಬಿಡಿಸುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ.

"ಅಕ್ಕ."

ಹುರುಳಿಕಾಯಿ ಲಟಕ್ಕೆಂದು ಮುರಿಯಿತು.

"ಅಕ್ಕ, ತಪ್ಪು ನಂದು. ಹಾಳು ಮಾಡಿದ್ದು ನಿನ್ನ ಕುಂಕುಮ ಅಲ್ಲ. ಬೇರಿಂಗ್ ಆರಿಸಿದ್ದೇ ತಪ್ಪು. ನೀನು ಪೂಜೆ ಮಾಡದೆ ಹೋಗಿದ್ರೆ ನಾಳೆ ಎಲ್ಲರ ಮುಂದೆ ನಿಂತುಹೋಗ್ತಿತ್ತು. ಪೂಜೆ ಮಾಡು ಅಂದವನೂ ನಾನೇ. ಅಂದಿದ್ದು... ಅನ್ನಬಾರದಿತ್ತು."

ವರಲಕ್ಷ್ಮಿ ಎದ್ದು, ಒಲೆಯ ಪಕ್ಕದ ಡ್ರಾಯರ್ ಎಳೆದು, ತೊಳೆದಿಟ್ಟ ಮೊಸರಿನ ಡಬ್ಬಿಯೊಂದನ್ನು ತಂದು ಅವನ ಮುಂದೆ ಕುಕ್ಕಿದಳು. ಮುಚ್ಚಳದ ಮೇಲೆ ಬಾಲ್‌ಪೆನ್ನಿನಲ್ಲಿ 'ರಾಜು ಸಾಮಾನು' ಎಂದು ಬರೆದಿತ್ತು. ಒಳಗೆ ಒಂದಿಷ್ಟು ಸ್ಕ್ರೂ, ತಂತಿ, ಮತ್ತು ಅಷ್ಟೂ ಪ್ಲಾಸ್ಟಿಕ್ ಬುಷ್‌ಗಳು.

"ಹೊಸ ಸಾಮಾನು, ನೀನು ಬುಟ್ಟಿಗೆ ಹಾಕ್ದೆ. ಎಂದಾದ್ರೂ ಬೇಕಾಗುತ್ತೆ ಅಂತ ಎತ್ತಿಟ್ಟೆ" ಎಂದಳು. ಸ್ವಲ್ಪ ಹೊತ್ತು ಬಿಟ್ಟು ಕುರ್ಚಿಯ ಬೆನ್ನು ಹಿಡಿದುಕೊಂಡು ಹೇಳಿದಳು: "ನೀನು ಅಂದಿದ್ದು ಪೂರ್ತಿ ಸುಳ್ಳೂ ಅಲ್ಲ ಕಣೋ. ಕೆಲಸ ಸಿಕ್ರೆ ಬೇರೆ ಮನೆ ಮಾಡ್ಕೊಂಡು ಹೋಗ್ತಾನಲ್ಲಾ ಅಂತ ಸಂಕಟ ಆಗಿದ್ದು ನಿಜ. ಅಮ್ಮ ಹೋದ್ಮೇಲೆ ನಂಗೆ ತವರು ಅಂತ ಇರೋದು ನೀನೊಬ್ನೇ. ಆದ್ರೆ ಕುಂಕುಮ ಇಟ್ಟಿದ್ದು ನಿಂಗೆ ಒಳ್ಳೇದಾಗ್ಲಿ ಅಂತ. ಅದರಲ್ಲಿ ಮೋಸ ಇಲ್ಲ."

ತ್ಯಾಗರಾಜನಿಗೆ ಕಣ್ಣು ತುಂಬಿ ಬಂತು. ಡಬ್ಬಿ ಹಿಡಿದು ಕೆಳಗೆ ಹೋದ.

ಶನಿವಾರ ಹತ್ತು ಗಂಟೆಗೆ ಹದಿನೆಂಟು ಬಗ್ಗಿಗಳು ಒಟ್ಟಿಗೆ ಹೊರಟವು. ಎರಡೇ ನಿಮಿಷಕ್ಕೆ ಟ್ರ್ಯಾಕ್ ಮೇಲೆ ಕೆಂಪು ಮೋಡ ಎದ್ದಿತು. ಹಾನ್ ಎತ್ತರದ ಕಟ್ಟೆಯ ಮೇಲೆ ರಿಮೋಟ್ ಹಿಡಿದು ನಿಂತಿದ್ದ. ತ್ಯಾಗರಾಜ ಕೆಳಗೆ ಬಗ್ಗಿಯ ಬದಲಿ ಬ್ಯಾಟರಿ ಹಿಡಿದು ನಿಂತಿದ್ದ. ಕಣ್ಣಿಗೆ ಕಾಣುತ್ತಿದ್ದದ್ದು ಕಡಿಮೆ, ಅವನು ಕಿವಿಯಿಂದಲೇ ನೋಡುತ್ತಿದ್ದ. ಹನ್ನೊಂದನೇ ನಿಮಿಷಕ್ಕೆ ಯಾರದೋ ನೀಲಿ ಬಗ್ಗಿಯ ಚಕ್ರ ಕಚ್ಚಿಕೊಂಡು, ಗಿರ್ರನೆ ತಿರುಗಿ ಮಗುಚಿತು. ಅದರವನು ಎತ್ತಿಕೊಂಡು ಬಂದು ಚಕ್ರ ಬಿಚ್ಚಿದಾಗ ತ್ಯಾಗರಾಜ ಕಳ್ಳನೋಟದಿಂದ ನೋಡಿದ. ತಗಡಿನ ಮುಚ್ಚಳದ ಬೇರಿಂಗ್.

ಹದಿನೈದನೇ ನಿಮಿಷ. ಹಾನ್ ಬ್ಯಾಟರಿ ಬದಲಿಸಲು ಬಗ್ಗಿಯನ್ನು ಅಂಚಿಗೆ ತಂದ. ಬದಲಿಸುತ್ತಲೇ ಮುಂದಿನ ಎಡಚಕ್ರದ ನಡುವನ್ನು ಮುಟ್ಟಿದ ತ್ಯಾಗರಾಜ. ಬಿಸಿ. ಪ್ಲಾಸ್ಟಿಕ್ ಬುಷ್ ಕಾಯುತ್ತಿತ್ತು. ಜೇಬಿನಿಂದ ಎಣ್ಣೆಯ ಬುಡ್ಡಿ ತೆಗೆದು ಒಂದು ಹನಿ ಬಿಟ್ಟ.

ಇಪ್ಪತ್ಮೂರನೇ ನಿಮಿಷದಲ್ಲಿ ಅದು ಕೂಗಲು ಶುರುಮಾಡಿತು. ಅಷ್ಟು ಮೋಟಾರುಗಳ ಗದ್ದಲದಲ್ಲಿ ಬೇರೆ ಯಾರಿಗೂ ಅದು ಕೇಳಿಸಿರಲಿಕ್ಕಿಲ್ಲ. ತ್ಯಾಗರಾಜನಿಗೆ ಬೇರೇನೂ ಕೇಳಿಸುತ್ತಿರಲಿಲ್ಲ. ಕೀಚ್, ಕೀಚ್, ತಿರುವು ಬಂದಾಗಲೆಲ್ಲ. ಇನ್ನು ಏಳು ನಿಮಿಷ. ಏನೂ ಮಾಡುವ ಹಾಗಿಲ್ಲ, ಮುಟ್ಟುವ ಹಾಗಿಲ್ಲ. ಇನ್ನೈದು. ಕೀಚ್ ಎನ್ನುವುದು ಉದ್ದವಾಯಿತು. ಇನ್ನೆರಡು. ಅವನು ಮನಸ್ಸಿನಲ್ಲೇ "ಇನ್ನೊಂದು ಸುತ್ತು ಕಣಪ್ಪ, ಇನ್ನೊಂದೇ ಸುತ್ತು" ಎಂದು ಬಾಟಲ್ ಮುಚ್ಚಳಕ್ಕೆ ಕೈ ಮುಗಿದು ಬೇಡಿಕೊಂಡ. ಸೈರನ್ ಆಯಿತು.

ಏಳನೇ ಸ್ಥಾನ. ಅದು ಯಾರಿಗೆ ಬೇಕಿತ್ತು! ಹಾನ್ ಕೆಳಗಿಳಿದು ಬಂದು ಬಗ್ಗಿಯನ್ನು ಬೆಂಚಿನ ಮೇಲಿಟ್ಟು ಒಂದೊಂದೇ ಚಕ್ರ ತಿರುಗಿಸಿದ. ಹಿಂದಿನ ಎರಡು ತಿರುಗಿದವು. ಮುಂದಿನ ಬಲದ್ದು ತಿರುಗಿತು. ಎಡದ್ದು ಕೊಂಚ ತಡೆದು, ನರಳಿ, ಅದೂ ತಿರುಗಿತು.

ಹಾನ್ ಆ ಚಕ್ರವನ್ನು ಬಿಚ್ಚಿದ. ಹೊರಬದಿಯಲ್ಲಿ ಕಪ್ಪು ರಬ್ಬರ್. ಒಳಬದಿಯಲ್ಲಿ ಸವೆದ ಪ್ಲಾಸ್ಟಿಕ್. ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ಕೇಳಿದ: "ಬುಧವಾರ ನೀನು ಮೆಟಲ್ ತೋರಿಸಿದ್ದೆ. ಯಾಕೆ ಬದಲಾಯಿಸಿದೆ?"

ಉತ್ತರ ಸಿದ್ಧವಾಗಿ ನಾಲಿಗೆಯ ತುದಿಗೆ ಬಂದಿತ್ತು: ಯೋಚನೆ ಮಾಡಿದೆ ಸರ್, ಧೂಳು ಲೆಕ್ಕ ಹಾಕಿದೆ, ಮೂವತ್ಮೂರು ವರ್ಷದ ಅನುಭವ. ಹಾಗೆ ಹೇಳಿದ್ದರೆ ಹಾನ್ ನಂಬುತ್ತಿದ್ದ. ತ್ಯಾಗರಾಜ ತಲೆ ಎತ್ತಿದ. ಬೇಲಿಯ ಆಚೆ ಅಕ್ಷಯಾಳ ಪಕ್ಕ, ಸೀರೆಯ ಮೇಲೆ ಸ್ವೆಟರ್ ಹಾಕಿ, ಕೈಯಲ್ಲಿ ಚಿತ್ರಾನ್ನದ ಡಬ್ಬಿ ಹಿಡಿದು ಅಕ್ಕ ನಿಂತಿದ್ದಳು. ಯಾವಾಗ ಬಂದಳೋ.

"ನಾನು ಬದಲಾಯಿಸಲಿಲ್ಲ, ಸರ್" ಎಂದ. "ನೀವು ಹೇಳಿದ್ರಿ, ನಾನು ಕೇಳಲಿಲ್ಲ. ನಮ್ಮಲ್ಲಿ ಹಬ್ಬಕ್ಕೆ ಗಾಡಿಗೆ ಕೆಂಪು ಪುಡಿ ಹಾಕ್ತಾರೆ. ನಮ್ಮಕ್ಕ ಹಾಕಿದಳು. ಮೆಟಲ್ ಒಂದೇ ದಿನಕ್ಕೆ ಸತ್ತುಹೋಯ್ತು. ಆಗ ಗೊತ್ತಾಯ್ತು ನನಗೆ. ಆ ಪ್ಲಾಸ್ಟಿಕ್ ಕೂಡ ಅವಳು ಎತ್ತಿಟ್ಟಿದ್ದು, ನಾನು ಎಸೆದಿದ್ದೆ."

ಹೋಯಿತು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡ. ಹಾನ್ ಬೇರಿಂಗನ್ನು ಒರೆಸಿ, ಬೆಂಚಿನ ಮೇಲಿಟ್ಟ.

"ಮೊದಲಿದ್ದವನು ಇಲ್ಲಿ ಹನ್ನೊಂದು ವರ್ಷ ಇದ್ದ" ಎಂದ. "ಒಂದು ದಿನವೂ ತಪ್ಪು ನಂದು ಅನ್ನಲಿಲ್ಲ. ಸೋಮವಾರ ಹತ್ತು ಗಂಟೆಗೆ ಬಾ." ಆಮೇಲೆ ಬೇಲಿಯ ಕಡೆ ನೋಡಿ, ವರಲಕ್ಷ್ಮಿಗೆ ಸೊಂಟ ಬಾಗಿಸಿ ನಮಸ್ಕರಿಸಿದ. ಅವಳು ಗಾಬರಿಯಾಗಿ ಡಬ್ಬಿ ಹಿಡಿದ ಕೈಯಲ್ಲೇ ಕೈ ಮುಗಿದಳು.

ತ್ಯಾಗರಾಜ ಬೇಲಿಯ ಹತ್ತಿರ ಬಂದ. ಮೈಯೆಲ್ಲ ಕೆಂಪು ಧೂಳು. ಅಕ್ಕ ಸೆರಗಿನಿಂದ ಅವನ ಕೆನ್ನೆ ಒರೆಸಲು ಕೈ ಚಾಚಿ, ಐವತ್ಮೂರರ ತಮ್ಮ ಎಂದು ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡಳು.

"ಸಿಕ್ತೇನೋ?"

"ಸಿಕ್ತು."

ಅವಳು ಒಂದು ಗಳಿಗೆ ನಕ್ಕಳು, ಇನ್ನೊಂದು ಗಳಿಗೆ ಬೇರೆ ಕಡೆ ನೋಡಿದಳು. "ಮುಂದಿನ ವರ್ಷದಿಂದ ಸ್ಪ್ಯಾನರ್ ಡಬ್ಬಿಗೆ ಮಾತ್ರ ಕುಂಕುಮ ಇಡ್ತೀನಿ ಬಿಡು. ಎಲ್ಲಿರ್ತೀಯೋ ಏನೋ, ಅಲ್ಲಿಗೇ ಬಂದು ಇಡ್ತೀನಿ."

"ಬೇಡ ಅಕ್ಕ, ನಾನೇ ಬರ್ತೀನಿ" ಎಂದ ತ್ಯಾಗರಾಜ. "ಗಾಡಿಗೇ ಇಡು. ನಿಂಬೆಹಣ್ಣನ್ನೂ ಇಡು. ನಾನು ರಬ್ಬರ್ ಹಾಕಿರ್ತೀನಿ."